ಮುಳುಗಿದ್ದು ದೋಣಿ, ಕಾಕಾ ಅಲ್ಲ

ಡಾಂಬರು ಕೈಗೆ ಹತ್ತಿದರೆ ಸೀಮೆಎಣ್ಣೆ ಹಚ್ಚಿ ಒರೆಸಿಕೊಳ್ಳಬೇಕು ಅನ್ನೋದು ಎಲ್ಲರಿಗೂ ಗೊತ್ತು. ಸೀಮೆಎಣ್ಣೆ ಈಗ ಎಲ್ಲಿದೆ ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವನು ನನ್ನ ವಯಸ್ಸು ಲೆಕ್ಕ ಹಾಕುವವನಂತೆ ಮುಖ ನೋಡಿದ. ಕೊನೆಗೆ ಮನೆಯ ಶೇಂಗಾ ಎಣ್ಣೆಯನ್ನೇ ಸುರುವಿಕೊಂಡೆ. ಡಾಂಬರು ಹೋಗಲಿಲ್ಲ, ಅದಕ್ಕೆ ಒಗ್ಗರಣೆಯ ವಾಸನೆ ಬಂತು. ಮನೆಯಾಕೆ ಸಿಟ್ಟಾಗಲಿಲ್ಲ, ಎಣ್ಣೆಯ ದರ ಅಷ್ಟೇ ಹೇಳಿದಳು. ಮರುದಿನ ಆಫೀಸಿನ ಹಾಜರಿ ಯಂತ್ರ ನನ್ನ ಹೆಬ್ಬೆರಳನ್ನು ಗುರುತಿಸಲಿಲ್ಲ. ಉಳಿದ ಬೆರಳುಗಳನ್ನೂ ತೋರಿಸಿದೆ, ಅವೂ ಪರಕೀಯ ಅಂದಿತು. ಪಕ್ಕದಲ್ಲಿ ನಿಂತಿದ್ದ ಸಿಪಾಯಿ ಮೆಲ್ಲಗೆ, “ಸಾಹೇಬ್ರ, ರಸ್ತೇದ್ದು ಕಾಂಟ್ರ್ಯಾಕ್ಟ್ ಹಿಡದೀರೇನ್ರಿ?” ಅಂದ.

ಇಷ್ಟಕ್ಕೆಲ್ಲ ಕಾರಣ ನಮ್ಮ ಕಾಕಾ ಮತ್ತು ಅವನ ಕಟ್ಟಿಗೆ ದೋಣಿ.

ಬೀಳಗಿ ಕಡೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಈಗ ಕಟ್ಟಿಗೆ ದೋಣಿ ಇಟ್ಟುಕೊಂಡವರು ಕಡಿಮೆ. ಒಬ್ಬನೇ ಹೆಗಲ ಮೇಲೆ ಹೊತ್ತು ಒಯ್ಯುವಂಥ ಹರಗೋಲು ಇವೆ, ಫೈಬರಿನವೂ ಬಂದಿವೆ. ಫೈಬರಿಗೆ ಡಾಂಬರು ಬೇಡ, ಬಡಿಗ್ಯಾರ ಬೇಡ, ಅಣ್ಣನ ಮಗನೂ ಬೇಡ. ಕಾಕಾನಿಗೆ ಹೇಳಿ ನೋಡಿದ್ದೇನೆ. “ಅದು ದೋಣಿ ಅಲ್ಲೋ, ದೊಡ್ಡ ಬಕೀಟು” ಅನ್ನುತ್ತಾನೆ. ತಾನು ಅಂಬಿಗರ ಚೌಡಯ್ಯನ ಕುಲದವನು, ಪ್ಲಾಸ್ಟಿಕಿನಲ್ಲಿ ಕೂತರೆ ಚೌಡಯ್ಯ ಮೆಚ್ಚುವುದಿಲ್ಲ ಎಂಬುದು ಅವನ ವಾದ. ಹನ್ನೆರಡನೇ ಶತಮಾನದ ಆ ಶರಣ ಎದುರಿಗಿದ್ದವರನ್ನು ನೇರ ಬೈಯುತ್ತಿದ್ದದ್ದಂತೂ ಖರೆ. ಆ ಗುಣವನ್ನು ಕಾಕಾ ಪೂರ್ತಿ ಉಳಿಸಿಕೊಂಡಿದ್ದಾನೆ.

ನಮ್ಮ ಕಡೆ ಹಿನ್ನೀರಿನ ಸ್ವಭಾವ ನಿಮಗೆ ಗೊತ್ತೇ ಇದೆ. ಬ್ಯಾಸಿಗೆಯಲ್ಲಿ ಅದು ನಾಚಿಕೊಂಡು ದೂರ ಸರಿದುಬಿಡುತ್ತದೆ. ದೋಣಿ ಇದ್ದಲ್ಲೇ ಕೆಸರಿನಲ್ಲಿ ಕೂತು, ಕೆಸರು ಒಣಗಿ, ಬಿಸಿಲಿಗೆ ಹಲಗೆ ಸೊರಗಿ, ಸಂದು ಬಿಡುತ್ತದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಒಳಗೆ ಕೂತವನಿಗೆ ಹೊರಗಿನ ಆಡು ಕಾಣುತ್ತವೆ. ಕೆಳಗಿನಿಂದ ಗೆದ್ದಲು ಬೇರೆ. ಆಗ ಸಂದಿನೊಳಗೆ ಹತ್ತಿ ತುರುಕಿ, ಉಳಿ ಇಟ್ಟು ಬಡಿದು, ಮೇಲೆ ಕಾಯಿಸಿದ ಡಾಂಬರು ಹೊಯ್ಯಬೇಕು. ಕಾಕಾ ಖಾಟಿನ ಮೇಲೆ ಕೂತು “ಅಲ್ಲಿ ಬಿಟ್ಟಿ ನೋಡು” ಅನ್ನುವುದು, ನಾನು ಬಿಟ್ಟಲ್ಲಿ ಹಚ್ಚುವುದು, ಇದು ಕೆಲಸದ ಹಂಚಿಕೆ. ಇಲ್ಲಿ ಒಂದು ಹನಿ ಬೀಳದಿದ್ದರೂ ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ಸಾಕು, ಕೃಷ್ಣೆ ತುಂಬಿ ಬರುತ್ತಾಳೆ. ಹೊಳಿ ಯಾರಪ್ಪನ ದಾರಿ ಕಾಯುವುದಿಲ್ಲ, ಹಿಂಗಾಗಿ ಕಾಕಾನ ಅವಸರ.

ಆದರೆ ಡಾಂಬರಿನಿಂದಲೇ ದೋಣಿ ಸೋರುವುದು ನಿಲ್ಲುವುದಿಲ್ಲ. ಒಣಗಿದ ಹಲಗೆ ನೀರು ಹೀರಿ ಉಬ್ಬಿದಾಗಲೇ ಸಂದು ಕೂಡುವುದು. ಅದಕ್ಕೆ ಕಾಕಾ ದೋಣಿಯನ್ನು ದಂಡೆಯ ಹತ್ತಿರ ತಂದು, ಒಳಗೆ ಕಲ್ಲು ಹೇರಿ, ತಾನೇ ಮುಳುಗಿಸುತ್ತಾನೆ. “ಕುಡೀಲಿ ಬಿಡು” ಅನ್ನುತ್ತಾನೆ. ಇದು ಅವನಿಗೆ ಎಲ್ಲದಕ್ಕೂ ಔಷಧ. ಹೊಸ ಬಾಗಿಲು ಮುಚ್ಚಲು ಬರದಿದ್ದರೆ, ಉಪ್ಪಿನಕಾಯಿ ಹುಳಿ ಹಿಡಿಯದಿದ್ದರೆ, ಹೊಸ ಅಳಿಯ ಮಾತಾಡದಿದ್ದರೆ, ಎಲ್ಲಕ್ಕೂ “ಕುಡೀಲಿ ಬಿಡು.” ಅಳಿಯ ಇದನ್ನು ಬೇರೆ ಅರ್ಥದಲ್ಲಿ ತಗೊಂಡು ಒಂದು ಯುಗಾದಿ ಕೆಟ್ಟಿತ್ತು, ಅದು ಬೇರೆ ಕಥೆ.

ಈ ಸಲ ಹಾಗೆ ಮುಳುಗಿಸಿಟ್ಟ ದೋಣಿಯ ಮೂತಿಯಷ್ಟೇ ಮೇಲೆ ಕಾಣುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಯಾವನೋ ಪುಣ್ಯಾತ್ಮ ಬೈಕ್ ನಿಲ್ಲಿಸಿ ವಿಡಿಯೋ ಮಾಡಿದ. ಸಂಜೆಯೊಳಗೆ ಅದು ವಾಟ್ಸಾಪಿನಲ್ಲಿ “ಹಿನ್ನೀರಿನಲ್ಲಿ ದೋಣಿ ಮುಳುಗಡೆ, ಅಂಬಿಗನಿಗಾಗಿ ಹುಡುಕಾಟ” ಎಂದು ತಿರುಗತೊಡಗಿತು. ಹಿಂದೆ ಶೋಕದ ಸಂಗೀತ, ಕೊನೆಗೆ ಕೈಮುಗಿದ ಚಿತ್ರ. ನನಗೆ ಫೋನು ಶುರುವಾದವು. ಒಬ್ಬರು ಅತ್ತರು. ಒಬ್ಬರು, ದೋಣಿಯ ಮೇಲೆ ಸಾಲ ಇತ್ತೇನು ಅಂತ ವಿಚಾರಿಸಿದರು. ನಮ್ಮ ಜಿಲ್ಲೆಯಲ್ಲಿ ಮುಳುಗಡೆ ಅಂದಕೂಡಲೇ ಮುಂದಿನ ಮಾತು ಬರಲೇಬೇಕು, ಅದೂ ಬಂತು: “ಪರಿಹಾರ ಎಷ್ಟ ಕೊಡತಾರಂತ?” ಕಾಕಾನಿಗೆ ಫೋನ್ ಹಚ್ಚೋಣವೆಂದರೆ, ನೀರಿನ ಕೆಲಸ ಇದ್ದಾಗ ಅವನು ಅದನ್ನು ಬಂದ್ ಮಾಡಿ ಜ್ವಾಳದ ಚೀಲದಲ್ಲಿ ಹುಗಿದಿಡುತ್ತಾನೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಜಮಖಂಡಿಯಿಂದ ನಮ್ಮ ಅತ್ತಿ ಬಂದಿಳಿದಳು. ಸತ್ತವರ ಮನೆಗೆ ಒಯ್ಯುವ ಬುತ್ತಿಯನ್ನೂ ಕಟ್ಟಿಕೊಂಡೇ ಬಂದಿದ್ದಳು. ನಮ್ಮ ಅತ್ತಿ ಹಾಡ್ಯಾಡಿಕೊಂಡು ಅಳುವುದರಲ್ಲಿ ಹೆಸರಾದಾಕಿ. ಬ್ಯಾರೆ ಊರಿನವರೂ ಅಳು ನಿಲ್ಲಿಸಿ ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಿಂದಲೇ ಶುರು ಮಾಡಿದ್ದಳು: “ಹೊಳಿಗಂಜದ ನನ್ನ ತಮ್ಮಾ, ಹೊಳಿ ಪಾಲಾದೆಲ್ಲೋ...” ಅಂಗಳಕ್ಕೆ ಬಂದು ನೋಡಿದರೆ ತಮ್ಮ ಬಲೆ ಹೊಲಿಯುತ್ತ ಚಾ ಕುಡಿಯುತ್ತಿದ್ದಾನೆ. ಒಂದು ಕ್ಷಣ ಧ್ವನಿ ನಿಂತಿತು. ಆದರೆ ಪದ ಅರ್ಧಕ್ಕೆ ಬಿಟ್ಟರೆ ಅಪಶಕುನ ಅನಿಸಿತೋ ಏನೋ, ಅದೇ ರಾಗದಲ್ಲಿ ಮುಂದುವರಿಸಿದಳು: “ಜೀವಂತ ಕುಂತೀಯಲ್ಲೋ ನನ್ನ ತಮ್ಮಾ, ಒಂದ ಫೋನ ಮಾಡಬಾರದಿತ್ತೇನೋ...” ಅಲ್ಲಿಂದ ಬಾಲ್ಯದಲ್ಲಿ ಅವನು ಕದ್ದು ತಿಂದ ಬೆಲ್ಲದವರೆಗೆ ಹೋಗಿ, ನಿರಾಳವಾಗಿ ಮುಗಿಸಿ, ಮೂಗು ಒರೆಸಿಕೊಂಡಳು. ಕಾಕಾ ಬುತ್ತಿ ಬಿಚ್ಚಿ, “ಶೇಂಗಾ ಚಟ್ನಿಗೆ ಉಪ್ಪ ಕಮ್ಮಿ ಆಗೇತಿ ನೋಡಕ್ಕಾ” ಅಂದ. ತನ್ನ ತಿಥಿಯ ರೊಟ್ಟಿಗೆ ಹೆಸರಿಟ್ಟು ಉಂಡವನನ್ನು ನಾನಂತೂ ಮತ್ತೆಲ್ಲೂ ನೋಡಿಲ್ಲ.

ಊಟವಾದ ಮೇಲೆ ಅತ್ತಿ ದಂಡೆಗೆ ಬಂದು, “ನಮ್ಮ ಹಳೀ ಮನಿ ಯಾವ ಕಡೆ ಬರತೈತೋ?” ಅಂದಳು. ಕಾಕಾ ಕೈ ಎತ್ತಿ ನೀರನ್ನು ತೋರಿಸಿದ. ನನಗೆ ಅಲ್ಲಿ ಕಾಣುವುದು ನೀರೊಂದೇ. ಅವರಿಬ್ಬರಿಗೆ ಅಗಸಿ, ಕಟ್ಟೆ, ಹಿತ್ತಲ ಬೇವಿನ ಗಿಡ ಎಲ್ಲ ಜಾಗ ಹಿಡಿದು ನಿಂತಿವೆ. ಕಾಕಾನ ಬಲೆ ಪ್ರತಿ ವರ್ಷ ಒಂದೇ ಕಡೆ ಸಿಕ್ಕಿ ಹರಿಯುತ್ತದೆ. ಅದು ಆ ಗಿಡದ ಬೊಡ್ಡೆ ಅಂತಾನೆ. ಅಲ್ಲಿ ಬಲೆ ಬಿಡಬೇಡ ಅಂದರೆ ಕೇಳುವುದಿಲ್ಲ. ಆಲಮಟ್ಟಿಯ ನೀರು ಈಗ ನಿಲ್ಲುವುದು 519.60 ಮೀಟರಿಗೆ. 524.256 ಮೀಟರಿನವರೆಗೆ ನಿಲ್ಲಿಸಲು ಕೃಷ್ಣಾ ಜಲವಿವಾದದ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ. “ಏರಸಲಿ, ಏರಸಲಿ, ದೋಣಿ ಎಳಿಯೂ ತ್ರಾಸ ತಪ್ಪತೈತಿ, ಹೊಸ ಮನಿ ಬಾಗಲಕ್ಕ ಕಟ್ಟಬೌದು” ಅಂದ ಕಾಕಾ. ಅತ್ತಿ ನಗಲಿಲ್ಲ.

ದೋಣಿಯನ್ನು ಎತ್ತಿ, ಕಲ್ಲು ತೆಗೆದು, ನೀರು ಚೆಲ್ಲಿ ಹೊರಟೆವು. ಸೋರಿತು. ಕಾಕಾ ಹುಟ್ಟು ಹಾಕುತ್ತ “ಇನ್ನೀಟು ಕುಡೀಬೇಕದು” ಅಂದ. ಅದು ಕುಡಿದದ್ದನ್ನು ಪೇಂಟಿನ ಡಬ್ಬಿಯಿಂದ ಹೊರಗೆ ಎಸೆಯುವವನು ನಾನು. ಅಷ್ಟರಲ್ಲಿ ಮನೆಯಾಕೆಯ ಫೋನು.

“ಎಲ್ಲಿದ್ದೀರಿ?”

“ದೋಣ್ಯಾಗ.”

“ನೀರಿನ ಸಪ್ಪಳ ಬರಾಕತ್ತೇತಿ?”

“ಅದೂ ದೋಣ್ಯಾಗ ಐತಿ.”

ಬಲೆಗೆ ಎರಡು ಕಾಟ್ಲಾ, ಒಂದು ರೋಹು, ಒಂದು ಹಳೆಯ ಚಪ್ಪಲಿ ಬಿದ್ದಿದ್ದವು. ಚಪ್ಪಲಿ ಬಿಟ್ಟು ಉಳಿದದ್ದನ್ನು ಬಾಗಲಕೋಟೆಯ ನವನಗರದ ನಮ್ಮ ಮನೆಗೆ ತಂದೆವು. ಕಾಕಾನೂ ಜೊತೆಗೆ ಬಂದ. ನಮ್ಮ ಸೆಕ್ಟರಿನಲ್ಲಿ ಹೊನ್ನಾವರದ ಕಡೆಯವರೊಬ್ಬರಿದ್ದಾರೆ. ಮೀನಿನ ವಾಸನೆ ಹಿಡಿದು ಬಂದು, ಊಟಕ್ಕೆ ಕೂತು, “ಹೊಳೆ ಮೀನು ಮಾರಾಯ್ರೆ, ಸಮುದ್ರದ ರುಚಿ ಎಲ್ಲಿ ಬರ್ತದೆ” ಎನ್ನುತ್ತ ರೋಹುವಿನ ಅರ್ಧಭಾಗ ಮುಗಿಸಿದರು. ಆಮೇಲೆ ದೋಣಿಯ ವಿಷಯ ಬಂತು. ಅವರ ಕಡೆ ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳವೇ ಇದೆಯಂತೆ, ಹಲಗೆಯನ್ನು ಒಳಗಿಂದ ಜರಡಿ ಮಾಡಿಬಿಡುತ್ತದಂತೆ. “ನಿಮಗೆ ಸಿಹಿನೀರು, ಆ ಹುಳ ಇಲ್ಲ, ಪುಣ್ಯವಂತರು” ಅಂದರು. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ದಂಡೆಗೆಳೆದು ರಿಪೇರಿ ಮಾಡಲು ಪುರುಸೊತ್ತೂ ಸಿಗುತ್ತದೆ ಅಂದರು. ಕಾಕಾ ಇಷ್ಟಕ್ಕೆಲ್ಲ ಸೊಪ್ಪು ಹಾಕಲಿಲ್ಲ.

ಆದರೆ “ಡಾಂಬರು ಯಾಕೆ ಹಚ್ತೀರಿ, ನಮ್ಮಲ್ಲಿ ಹಿರಿಯರು ಗೇರುಬೀಜದ ಸಿಪ್ಪೆ ಎಣ್ಣೆ ಹಚ್ತಿದ್ರು, ಮರ ಕಲ್ಲಿನಂಗೆ ಉಳೀತದೆ” ಅಂದಾಗ ಕಾಕಾ ಊಟ ನಿಲ್ಲಿಸಿದ. ಊರಿಗೆ ಹೋದಾಗ ಒಂದು ಕ್ಯಾನು ತರುವುದಾಗಿ ಮಾತಾಯಿತು. ಬೆಲೆಯ ಮಾತಾಯಿತು. ಎಷ್ಟು ಸಲ ಬಳಿಯಬೇಕೆಂಬುದೂ ಇತ್ಯರ್ಥವಾಯಿತು. ಕೈ ತೊಳೆಯಲು ಏಳುವಾಗ ಅವರು, “ಒಂದೇ ಜಾಗ್ರತೆ, ಆ ಎಣ್ಣೆ ಮೈಗೆ ತಾಗಿದ್ರೆ ಚರ್ಮ ಸುಟ್ಟು ಗುಳ್ಳೆ ಏಳ್ತದೆ” ಅಂದರು.

ಇಬ್ಬರೂ ಒಟ್ಟಿಗೇ ತಿರುಗಿ ನನ್ನ ಕಡೆ ನೋಡಿದರು.