ಬಲಕ್ಕೆ ಬಾಗಿಲಿರುವ ಬಸ್ಸು

ತುಮಕೂರಿನ ನಡುಮಧ್ಯದ ಬಸ್ ನಿಲ್ದಾಣವು ಮುಂದೊಂದು ದಿನ ಹೇಗೆ ಕಾಣಲಿದೆ ಎಂದು ತೋರಿಸುವ ಫ್ಲೆಕ್ಸ್ ಒಂದನ್ನು ನಾನು ಬಿ.ಎಚ್. ರಸ್ತೆಯ ಬದಿಯಲ್ಲಿ ನಿಂತು ಅರ್ಧ ಗಂಟೆ ನೋಡಿದ್ದೇನೆ. ಅದು ಯಾವ ಕಚೇರಿಯದೆಂದು ಅದರ ಮೇಲೆ ಬರೆದಿರಲಿಲ್ಲವಾದ್ದರಿಂದ ನಾನೂ ಇಲ್ಲಿ ಬರೆಯುವುದಿಲ್ಲ. ಗಾಜಿನ ಗೋಡೆ, ಹಕ್ಕಿಯ ರೆಕ್ಕೆಯಂತೆ ಮೇಲೆದ್ದ ಚಾವಣಿ, ಚಾವಣಿಯ ಕೆಳಗೆ ಕಾರಂಜಿ, ಕಾರಂಜಿಯ ಸುತ್ತ ಹುಲ್ಲುಹಾಸು, ಅದರಾಚೆಯ ಮೂಲೆಯಲ್ಲಿ ಒಂದೇ ಒಂದು ಬಸ್ಸು. ಬಸ್ಸಿನ ಮೂತಿ ಬಲಕ್ಕೆ ತಿರುಗಿತ್ತು, ಅಂದರೆ ನೋಡುವವರಿಗೆ ಕಾಣುತ್ತಿದ್ದದ್ದು ಅದರ ಬಲಮೈ; ಎರಡು ಬಾಗಿಲುಗಳೂ ಆ ಬಲಮೈಯಲ್ಲೇ ಇದ್ದವು.

ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಕಂಪ್ಯೂಟರಿನಲ್ಲಿ ಇಂತಹ ಚಿತ್ರ ತಯಾರಿಸುವವರು ಮರ, ಮನುಷ್ಯ, ವಾಹನಗಳನ್ನು ಹೊಸದಾಗಿ ಬರೆಯುತ್ತ ಕೂರುವುದಿಲ್ಲ. ಸಿದ್ಧ ಸಂಗ್ರಹದಿಂದ ಎತ್ತಿ ಅಂಟಿಸುತ್ತಾರೆ. ರಸ್ತೆಯ ಬಲಬದಿಯಲ್ಲಿ ವಾಹನ ಓಡಿಸುವ ದೇಶದ ಬಸ್ಸು ಹೀಗೆ ವೀಸಾ ಇಲ್ಲದೆ ತುಮಕೂರಿಗೆ ಬಂದಿಳಿದಿದೆ. ಅದರ ಪ್ರಯಾಣಿಕರು ಬಿ.ಎಚ್. ರಸ್ತೆಯಲ್ಲಿ ಇಳಿಯಬೇಕಾದರೆ ರಸ್ತೆಯ ನಟ್ಟನಡುವೆ, ಎದುರಿನಿಂದ ಬರುವ ಲಾರಿಯ ಮುಂದೆ ಇಳಿಯಬೇಕು. ಈ ಸಮಸ್ಯೆಗೆ ಎರಡು ಪರಿಹಾರಗಳು ನನಗೆ ತೋಚುತ್ತವೆ. ಇರುವ ಬಸ್ಸುಗಳ ಬಾಗಿಲನ್ನೆಲ್ಲ ಕಿತ್ತು ಬಲಕ್ಕೆ ಕೂಡಿಸುವುದು ಒಂದು. ಟೌನ್ ಹಾಲ್ ವೃತ್ತದಿಂದ ಆಚೆಗೆ ಎಲ್ಲರೂ ಬಲಗಡೆ ವಾಹನ ಓಡಿಸಬೇಕೆಂದು ಆದೇಶ ಹೊರಡಿಸುವುದು ಇನ್ನೊಂದು. ಚಿತ್ರವನ್ನೇ ತಿದ್ದಬಹುದಲ್ಲ ಎಂದು ಕೇಳುವವರಿಗೆ ಆಡಳಿತದ ಗಂಧಗಾಳಿ ಇಲ್ಲ. ಅನುಮೋದನೆಯಾದದ್ದು ಚಿತ್ರ, ಬಸ್ಸು ಆಮೇಲಿನ ಮಾತು.

ಚಿತ್ರದಲ್ಲಿ 23 ಜನರಿದ್ದಾರೆ, ಎಣಿಸಿದ್ದೇನೆ. ಕೋಟು ತೊಟ್ಟ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಆಕಾಶ ನೋಡುತ್ತಿದ್ದಾರೆ, ಒಬ್ಬ ಯುವತಿ ನಾಯಿಯನ್ನು ನಡೆಸಿಕೊಂಡು ಹೋಗುತ್ತಿದ್ದಾಳೆ, ಒಬ್ಬಾತ ಚಡ್ಡಿ ತೊಟ್ಟು ಅಂಕಣ 4ರ ಉದ್ದಕ್ಕೂ ಜಾಗಿಂಗ್ ಮಾಡುತ್ತಿದ್ದಾನೆ. ಬಸ್ಸಿಗಾಗಿ ಬಂದವರಂತೆ ಕಾಣುವವರು ಒಬ್ಬರೂ ಇಲ್ಲ. ತುಮಕೂರು ಜಿಲ್ಲೆಗೆ 10 ತಾಲ್ಲೂಕುಗಳು. ಮೂರು ಕಡೆ ಆಂಧ್ರವನ್ನು ಹೊದ್ದು ಮಲಗಿರುವ ಪಾವಗಡದಿಂದ ಹಿಡಿದು ಕುಣಿಗಲ್‌ವರೆಗಿನ ಜನ ಕೋರ್ಟಿಗೆ, ಆಸ್ಪತ್ರೆಗೆ, ಕಾಲೇಜಿಗೆ, ಹುಣಸೆಹಣ್ಣಿನ ಮಂಡಿಗೆ ಎಂದು ಬಂದು ಇಳಿಯುವುದು ಈ ನಿಲ್ದಾಣದಲ್ಲೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಶೂನ್ಯ ದರದ ಚೀಟಿ ಹಿಡಿದ ಹೆಣ್ಣುಮಕ್ಕಳು ಸಿದ್ಧಗಂಗೆಗೂ ಗೊರವನಹಳ್ಳಿಗೂ ಹೋಗಿಬರುತ್ತಿರುವ ಕಾಲವಿದು. ಅವರಿಗೆ ಬೇಕಾದದ್ದು ಕೂರಲು ಬೆಂಚು, ನೀರಿರುವ ಶೌಚಾಲಯ, ಮಗುವಿಗೆ ಹಾಲೂಡಿಸಲು ಮರೆಯಿರುವ ಒಂದು ಕೋಣೆ. ನಕ್ಷೆಯಲ್ಲಿ ಶೌಚಾಲಯ ಇಲ್ಲವೆಂದು ಸುಳ್ಳು ಹೇಳಬಾರದು, ಇದೆ. ಎರಡನೆಯ ಮಹಡಿಯಲ್ಲಿ, ಸಿನಿಮಾ ಮಂದಿರದ ಪಕ್ಕದಲ್ಲಿದೆ. ಐದು ನಿಮಿಷ ಮಾತ್ರ ನಿಲ್ಲುವ ಮಧುಗಿರಿ ಬಸ್ಸಿನಿಂದಿಳಿದು ಅಲ್ಲಿಗೆ ಹೋಗಿಬರಲು ಚಿತ್ರದ ಆ ಜಾಗಿಂಗ್ ಮಹಾಶಯನಿಗೆ ಮಾತ್ರ ಸಾಧ್ಯ.

ಇನ್ನು ಬಸ್ಸುಗಳು ನಿಲ್ಲುವ ಜಾಗ. ಸುಮಾರು 12 ಮೀಟರ್ ಉದ್ದದ ಬಸ್ಸೊಂದು ಸುತ್ತು ತಿರುಗಬೇಕಾದರೆ ಹೆಚ್ಚುಕಡಿಮೆ ಅಷ್ಟೇ ತ್ರಿಜ್ಯದ ಬಯಲು ಬೇಕು. ಅದು ಅಂಕಣದಿಂದ ಹಿಂದಕ್ಕೆ ಬರುವಾಗ ನಿರ್ವಾಹಕರು ಹಿಂದೆ ನಿಂತು ಸೀಟಿ ಊದುತ್ತ, ತಗಡು ಬಡಿಯುತ್ತ ದಾರಿ ತೋರಿಸಬೇಕು. ಈ ಲೆಕ್ಕ ಚಾಲಕರಿಗೆ ಗೊತ್ತು, ಸಂಚಾರ ನಿಯಂತ್ರಕರಿಗೆ ಗೊತ್ತು, ನಿಲ್ದಾಣದಲ್ಲಿ ಕಡಲೆಕಾಯಿ ಮಾರುವ ಹುಡುಗನಿಗೂ ಗೊತ್ತು. ಕಂಬಗಳಿಗೆ ಮಾತ್ರ ಗೊತ್ತಿಲ್ಲ. ಅವು ನಿಂತಿರುವುದು ಮೇಲಿನ ಅಂಗಡಿಗಳ ಗೋಡೆಗೆ ಸರಿಯಾಗಿ, ಏಕೆಂದರೆ ಬಾಡಿಗೆ ತರುವವು ಅಂಗಡಿಗಳು. ಬಸ್ಸು ನಿಂತ ಜಾಗಕ್ಕೆ ಯಾರೂ ಮುಂಗಡ ಕೊಡುವುದಿಲ್ಲ. ಹೀಗಾಗಿ ಎರಡು ಕಂಬಗಳ ನಡುವೆ ಒಮ್ಮೆ ಹೊಕ್ಕ ಶಿರಾ ಬಸ್ಸು ಹೊರಗೆ ಬರುವುದು ಕಟ್ಟಡದ ಮುಂದಿನ ಪುನರ್‌ವಿನ್ಯಾಸದ ಸಮಯಕ್ಕೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಜಿಲ್ಲೆಯ ಪುರಾತನ ಮುಂಗಡ ಕಾಯ್ದಿರಿಸುವ ಪದ್ಧತಿಗೂ ಇಲ್ಲಿ ಅವಕಾಶವಿಲ್ಲ. ಚಿತ್ರದ ಬಸ್ಸಿನ ಕಿಟಕಿಗಳು ತೆರೆಯುವುದೇ ಇಲ್ಲ.

ಫ್ಲೆಕ್ಸಿನ ಮೇಲ್ಭಾಗದಲ್ಲಿ ಮೆಟ್ರೊ ರೈಲೊಂದು ಬಂದು ನಿಂತಿದೆ. ಬೆಂಗಳೂರಿನ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರಕ್ಕೆ ಬಂದು ದಣಿವಾರಿಸಿಕೊಳ್ಳುತ್ತಿದೆ. ಅಲ್ಲಿಂದ ತುಮಕೂರಿಗೆ ಇನ್ನೂ 50 ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ಆ ದೂರವನ್ನು ಸದ್ಯಕ್ಕೆ ವರದಿಗಳು ಮಾತ್ರ ಕ್ರಮಿಸುತ್ತಿವೆ. ರೈಲು ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಬರಲು ಆಟೊದವರೊಡನೆ ಚೌಕಾಸಿ ಮಾಡುವ ನಮಗೆ ಮೆಟ್ರೊದಿಂದ ನೇರ ಕಾರಂಜಿಗೆ ಇಳಿಯುವ ಸೌಭಾಗ್ಯವನ್ನು ಚಿತ್ರವು ಮುಂಚಿತವಾಗಿಯೇ ಕರುಣಿಸಿದೆ.

ಕಾಲಮಿತಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬಾರದು. 2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಯೋಜನೆಗೆ ನಮ್ಮ ಊರು 2016ರಲ್ಲಿ ಆಯ್ಕೆಯಾಯಿತು, ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ ಯೋಜನೆ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅಷ್ಟರಲ್ಲಿ ಅಗೆದ ರಸ್ತೆಗಳನ್ನು ಸುತ್ತಿ ಬಳಸಿ ನಡೆದು ಊರಿನವರೂ ಸ್ಮಾರ್ಟ್ ಆದರು. (ಈ ಫ್ಲೆಕ್ಸಿನ ಮೂಲೆಯಲ್ಲಿ ಊರಿನ ಹೆಸರು ಇನ್ನೂ ‘ಟುಮ್ಕೂರ್’ ಎಂದೇ ಇತ್ತು. ಸರ್ಕಾರ ಅದನ್ನು ಬದಲಿಸಿದ್ದು 2014ರ ನವೆಂಬರ್ 1ರಂದು.)

ನಾನು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದಾಗ ಕಂಕುಳಲ್ಲಿ ಚೀಲವಿದ್ದ ಅಜ್ಜಿಯೊಬ್ಬರು ಬಂದು, “ಏನಪ್ಪಾ, ಕೊರಟಗೆರೆ ಬಸ್ಸು ಎಲ್ ನಿಲ್ತೈತೆ?” ಎಂದರು. ನಾನು ಚಿತ್ರದ ಬಸ್ಸನ್ನು ತೋರಿಸಿದೆ. ಅವರು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, “ಇದ್ರಾಗೆ ಡ್ರೈವರ್ರೇ ಇಲ್ವಲ್ಲಪ್ಪ” ಎಂದರು. ನಿಜಕ್ಕೂ ಇರಲಿಲ್ಲ. ಆಮೇಲೆ ಅವರು ಫ್ಲೆಕ್ಸಿನ ಹಿಂಬದಿಗೆ ಹೋದರು. ಆ ಬದಿಯಲ್ಲಿ ಬೇರೆ ನೆರಳಿರಲಿಲ್ಲವಾದ್ದರಿಂದ ಅಲ್ಲಿ ಆಗಲೇ ಆರೇಳು ಜನ ಚೀಲಗಳನ್ನು ಇಟ್ಟುಕೊಂಡು ಕುಳಿತಿದ್ದರು. ಅವರು ಸ್ವಲ್ಪ ಸರಿದು ಅಜ್ಜಿಗೂ ಜಾಗ ಮಾಡಿಕೊಟ್ಟರು.