ಸತ್ಯಾಂಶ: ದೊಡ್ಡ ಪವರ್ ಸಪ್ಲೈ ಹಾಕಿದರೆ ಕರೆಂಟ್ ಬಿಲ್ ಏರುತ್ತದೆಯೇ?

ತೀರ್ಥಹಳ್ಳಿ, ಸಾಗರದ ಕಡೆಯ ಗ್ರೂಪುಗಳಲ್ಲಿ ಒಂದು ಮೆಸೇಜು ಆಗಾಗ ಸುತ್ತುತ್ತದೆ: ಕಂಪ್ಯೂಟರಿಗೆ 750 ವಾಟ್‌ನ ಪವರ್ ಸಪ್ಲೈ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಬದಲಿಸಿ ಕೊಡುವ ಡಬ್ಬಿ) ಹಾಕಿದರೆ ಸದಾ ಅಷ್ಟೂ ವಿದ್ಯುತ್ ಖರ್ಚಾಗುತ್ತದಂತೆ. ಬಿಲ್ ನೋಡಿ ಬೆಚ್ಚಿದವರಿಗೆ ನಿಜವೆನಿಸುವುದು ಸಹಜ. ಆದರೆ ಅದು ತಪ್ಪು.

ಡಬ್ಬಿಯ ಮೇಲಿನ 750 ಅಂದರೆ ಅದು ಕೊಡಬಲ್ಲ ಗರಿಷ್ಠ. ಎಷ್ಟು ಎಳೆಯಬೇಕೆಂದು ನಿರ್ಧರಿಸುವುದು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳ ಕೆಲಸ. ಹಂಡೆ ದೊಡ್ಡದೆಂದು ಯಾರೂ ಹೆಚ್ಚು ನೀರು ಹೊಯ್ದುಕೊಳ್ಳುವುದಿಲ್ಲ. ಒಳಗಿನ ಭಾಗಗಳಿಗೆ 300 ವಾಟ್ ಬೇಕಿದ್ದು, ಸಪ್ಲೈನ ದಕ್ಷತೆ (ಎಳೆದ ವಿದ್ಯುತ್ತಿನಲ್ಲಿ ಭಾಗಗಳಿಗೆ ತಲುಪುವ ಪಾಲು) ಶೇ. 85 ಇದ್ದರೆ ಗೋಡೆಯಿಂದ ಹೋಗುವುದು ಸುಮಾರು 353 ವಾಟ್. ಹೆಚ್ಚುವರಿ 53 ಶಾಖವಾಗುತ್ತದೆ. ಬಿಲ್ಲಿಗೆ ಸಂಬಂಧಿಸಿದ್ದು ಈ ದಕ್ಷತೆ. 80 ಪ್ಲಸ್ ಗುರುತು ಹೇಳುವುದೂ ಅದನ್ನೇ. ಮೆಸೇಜಿನಲ್ಲಿ ಒಂದೆಳೆ ಸತ್ಯವಿದೆ ಅನ್ನಿ: ತೀರಾ ಕಡಿಮೆ ಹೊರೆಯಲ್ಲಿ ದಕ್ಷತೆ ಕುಸಿಯುತ್ತದೆ. ಬರೀ ಟೈಪಿಂಗಿನ ಯಂತ್ರಕ್ಕೆ 1000 ವಾಟ್ ಹಾಕುವುದು ದುಡ್ಡು ದಂಡ.

ಯಾರ ಮಾತನ್ನೂ ನಂಬಬೇಕಿಲ್ಲ, ಅಳೆದು ನೋಡಿ. ಡಿಜಿಟಲ್ ಮೀಟರಿನಲ್ಲಿ ಮಿನುಗುವ ಪುಟ್ಟ ದೀಪವಿರುತ್ತದೆ. ಒಂದು ಯೂನಿಟ್‌ಗೆ (ಒಂದು ಕಿಲೋವಾಟ್ ಒಂದು ಗಂಟೆ ಓಡಿದಷ್ಟಕ್ಕೆ) ಎಷ್ಟು ಮಿನುಗು ಎಂಬುದೂ ಮೀಟರಿನ ಮೇಲೆ ಅಚ್ಚಾಗಿರುತ್ತದೆ, 3200 ಎಂದಿಟ್ಟುಕೊಳ್ಳಿ. ಫ್ರಿಜ್, ಬಾವಿಯ ಪಂಪು, ದೀಪಗಳನ್ನೆಲ್ಲ ಆರಿಸಿ ಕಂಪ್ಯೂಟರ್ ಮಾತ್ರ ಓಡಿಸಿ. ನಿಮಿಷಕ್ಕೆ 16 ಸಲ ಮಿನುಗಿದರೆ 16 × 60 ÷ 3200, ಅಂದರೆ 0.3 ಕಿಲೋವಾಟ್. ಸುಮ್ಮನಿದ್ದಾಗ ಒಮ್ಮೆ, ಗೇಮ್ ಆಡುವಾಗ ಒಮ್ಮೆ ಎಣಿಸಿ. ಸಪ್ಲೈ ಅದೇ, ಲೆಕ್ಕ ಮಾತ್ರ ಬೇರೆ ಬರುತ್ತದೆ. ಯುಪಿಎಸ್ ಬ್ಯಾಟರಿ ಪೂರ್ತಿ ತುಂಬುವವರೆಗೆ ಕಾಯಿರಿ; ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಕೂಡಲೇ ಎಣಿಸಿದರೆ ಅದರ ಪಾಲೂ ಸೇರಿಬಿಡುತ್ತದೆ.