ಸೆಟ್ ಆಗತ್ತೆ ಸಾರ್

ಗುದ್ದಿಸಿಕೊಂಡ ಕಾರು ಮೂರು ವಾರ ವರ್ಕ್‌ಶಾಪಿನಲ್ಲಿ ಮಲಗಿ, ಹೊಸ ಬಣ್ಣ ಬಳಿದುಕೊಂಡು ಮನೆಗೆ ಬಂದಿದೆ. ನೋಡಲು ಮದುಮಗ. ಆದರೆ ಹಂಪ್ ಹತ್ತಿದರೆ ಎಡಗಡೆ ಮುಂದಿನ ಚಕ್ರದ ಹತ್ತಿರ ‘ಕಟಕ್’, ಇಳಿದರೆ ‘ಕಟಕ್ ಕಟಕ್’. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿಬರುವುದರೊಳಗೆ ಎಷ್ಟು ಹಂಪು, ಎಷ್ಟು ಗುಂಡಿ ಅಂತ ನಿಮಗೆ ಹೇಳಬೇಕಾಗಿಲ್ಲ. ಇವತ್ತು ಬೆಳಗ್ಗೆಯೂ ಅದೇ ತಾಳ. ಫೋನ್ ಹಚ್ಚಿದರೆ ಸರ್ವಿಸ್ ಅಡ್ವೈಸರ್ ಮಹಾಶಯರದೂ ಅದೇ ಪಲ್ಲವಿ: ‘ಹೊಸ ಪಾರ್ಟ್ ಅಲ್ವಾ ಸಾರ್, ನೂರು ಕಿಲೋಮೀಟರ್ ಓಡ್ಸಿ, ಸೆಟ್ ಆಗತ್ತೆ.’

ಈ ‘ಸೆಟ್ ಆಗತ್ತೆ’ ಎಂಬುದು ಮಾತಲ್ಲ, ಮಂತ್ರ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತೆ ಎಂದರೂ ಇದೇ, ಬಾಗಿಲು ಎರಡು ಸಲ ಹಾಕಬೇಕು ಎಂದರೂ ಇದೇ. ಬಂಪರಿಗೂ ಫೆಂಡರಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದಿ ಇದೆಯಲ್ಲಪ್ಪ ಎಂದರೆ, ಹಸುವಿನ ಮೈ ಸವರುವ ಹಾಗೆ ಬಾನೆಟ್ ಸವರಿ, ‘ಬಿಸಿಲಿಗೆ ಪ್ಲಾಸ್ಟಿಕ್ ಸ್ವಲ್ಪ ಹಿಗ್ಗತ್ತೆ ಸಾರ್, ಸೆಟ್ ಆಗತ್ತೆ’ ಅಂತಾರೆ. ನೂರು ಕಿಲೋಮೀಟರ್ ಮುಗಿಸಿ ಹೋದರೆ ಐನೂರು. ಐನೂರು ಮುಗಿಸಿದರೆ ‘ಮುಂದಿನ ಸರ್ವಿಸಲ್ಲಿ ನೋಡೋಣ.’ ಜೊತೆಗೆ ಕೂತು ಟ್ರಯಲ್ ನೋಡಿ ಎಂದು ಹಟ ಹಿಡಿದರೆ ಬರುತ್ತಾರೆ, ಇಲ್ಲವೆನ್ನಲಾಗದು. ಕೂತವರೇ ಏಸಿ ಬ್ಲೋವರನ್ನು ನಾಲ್ಕಕ್ಕೆ ತಿರುಗಿಸುತ್ತಾರೆ. ಆಮೇಲೆ ಈ ಊರಿನಲ್ಲಿ ಹಂಪಿಲ್ಲದ ಒಂದೇ ಒಂದು ಬೀದಿಯನ್ನು ಅದೆಲ್ಲಿಂದಲೋ ಹುಡುಕಿ, ಅದರಲ್ಲಿ ಇಪ್ಪತ್ತರ ವೇಗದಲ್ಲಿ ಹೋಗಿಬಂದು, ‘ಏನೂ ಇಲ್ವಲ್ಲ ಸಾರ್’ ಅಂತ ನಮ್ಮ ಮುಖವನ್ನೇ ಅನುಕಂಪದಿಂದ ನೋಡುತ್ತಾರೆ.

ದೋಸೆ ಹಿಟ್ಟು ತಾನಾಗಿ ಹುದುಗುತ್ತದೆ, ಹಾಲು ತಾನಾಗಿ ಹೆಪ್ಪುಗಟ್ಟುತ್ತದೆ. ಸಸ್ಪೆನ್ಷನ್ನಿನ ಲಿಂಕ್ ರಾಡಿನ ನಟ್ಟು ತಾನಾಗಿ ಬಿಗಿಯಾದ ಉದಾಹರಣೆ ಇಲ್ಲ. ರಿಪೇರಿಯಾದ ಕಾರಿನಲ್ಲಿ ನಿಜಕ್ಕೂ ಸೆಟ್ ಆಗುವುದು ಮೂರೇ. ಹೊಸ ಬ್ರೇಕ್ ಪ್ಯಾಡು: ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಗಕ್ಕನೆ ತುಳಿಯದೆ ಓಡಿಸಿದರೆ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಹೊಸ ಬಣ್ಣ: ಪೇಂಟ್ ಬೂತಿನ ಶಾಖದಲ್ಲಿ ಬೇಯಿಸಿ ತೆಗೆದರೂ ಒಳಗೊಳಗೇ ಒಣಗುತ್ತಿರುತ್ತದೆ, ಅದಕ್ಕೇ ಒಂದು ತಿಂಗಳು ವ್ಯಾಕ್ಸ್ ಬೇಡ ಎನ್ನುವುದು. ಮೂರನೆಯದು ಬಾಗಿಲಿನ ಹೊಸ ರಬ್ಬರ್ ಬೀಡಿಂಗು, ಅದೂ ಅಷ್ಟಿಷ್ಟು. ಮಿಕ್ಕಿದ್ದನ್ನು ಸೆಟ್ ಮಾಡಲು ಮನುಷ್ಯನೇ ಬೇಕು, ಕೈಯಲ್ಲಿ ಸ್ಪ್ಯಾನರೂ ಬೇಕು.

ಕಟಕ್‌ನ ಮೂಲ ಹಿಡಿಯುವುದು ಬ್ರಹ್ಮವಿದ್ಯೆಯೇನಲ್ಲ. ಕಾರು ನಿಲ್ಲಿಸಿ, ಚಕ್ರದ ಮೇಲಿನ ಫೆಂಡರನ್ನು ಎರಡೂ ಕೈಯಿಂದ ಅದುಮಿ ಬಿಡಿ, ಐದಾರು ಸಲ. ಕಾರು ನಿಂತಲ್ಲೇ ಸದ್ದು ಬಂದರೆ ಶಾಕ್ ಅಬ್ಸಾರ್ಬರನ್ನು ಮೇಲೆ ಹಿಡಿದಿಡುವ ಸ್ಟ್ರಟ್ ಮೌಂಟ್ ಅಥವಾ ಲಿಂಕ್ ರಾಡಿನ ಮೇಲೆ ಅನುಮಾನಪಡಿ. ಬರದಿದ್ದರೆ ಬಂಪರಿನ ಮೂಲೆ ಹಿಡಿದು ಅಲ್ಲಾಡಿಸಿ. ಅದು ಹಲ್ಲು ಬಿದ್ದ ಅಜ್ಜನ ಹಾಗೆ ಕಟಕಟ ಎಂದರೆ ಒಳಗಿನ ಸೈಡ್ ಬ್ರಾಕೆಟ್ಟಿನ ಕಿವಿ ಮುರಿದಿದೆ, ಇಲ್ಲವೇ ಕ್ಲಿಪ್ಪುಗಳಿಲ್ಲ. ಕ್ಲಿಪ್ಪುಗಳು ಯಾಕಿರುವುದಿಲ್ಲ ಅಂತ ಕೇಳಬೇಡಿ. ಬಿಚ್ಚುವಾಗ ಎಂಟು, ಹಾಕುವಾಗ ಐದು, ಇದು ಈ ಕಸುಬಿನ ಹಳೆಯ ಲೆಕ್ಕ. ಕಡಿಮೆ ಬಿದ್ದ ಕಡೆಗೆಲ್ಲ ಕೇಬಲ್ ಟೈ. ಜೇಸಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅದೇ ಕ್ಲಿಪ್ಪು ಚಿಲ್ಲರೆ ಕಾಸಿಗೆ ಸಿಗುತ್ತದೆ ಎಂಬುದು ಹೊಟ್ಟೆ ಉರಿಯುವ ವಿಷಯ. ಯಾಕೆಂದರೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಝೀರೋ ಡೆಪ್, ಅಂದರೆ ಸವಕಳಿ ಕಳೆಯದ ಸೌಲಭ್ಯ, ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಅಂದರೆ ಆ ಬಂಪರಿನ ಅರ್ಧ ದುಡ್ಡು ನಮ್ಮ ಜೇಬಿನದೇ, ಕಟಕ್ ಮಾತ್ರ ಪೂರ್ತಿ ಉಚಿತ.

ಎಡಕ್ಕೆ ಎಳೆಯುವ ಕಾಯಿಲೆ ಇದಕ್ಕಿಂತ ದುಬಾರಿ. ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುವುದರಿಂದ ಕೂದಲೆಳೆಯಷ್ಟು ಎಡಕ್ಕೆ ಹೋಗುವುದು ಸಹಜ, ಅದಕ್ಕೆ ಜಗಳ ಬೇಡ. ಮಟ್ಟಸವಾದ ಜಾಗದಲ್ಲೂ ಎಳೆದರೆ ಮುಂದಿನ ಎರಡು ಟೈರನ್ನು ಅದಲುಬದಲು ಮಾಡಿಸಿ. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು. ಎಡಕ್ಕೇ ಉಳಿದರೆ ವೀಲ್ ಅಲೈನ್‌ಮೆಂಟ್ ಮಾಡಿದ ಪ್ರಿಂಟೌಟ್ ಕೇಳಿ. ‘ಎಲ್ಲಾ ಗ್ರೀನ್ ಸಾರ್’ ಎಂಬ ಬಾಯಿಮಾತು ಬೇಡ, ಕಾಗದವೇ ಬೇಕು. ಅದರಲ್ಲಿ ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಯಿದ್ದು ಕ್ಯಾಂಬರ್ (ಚಕ್ರ ನಿಂತಲ್ಲೇ ಪಕ್ಕಕ್ಕೆ ವಾಲಿರುವ ಕೋನ) ಮಾತ್ರ ಕೆಂಪಗಿದ್ದರೆ ಕಥೆ ಗೊತ್ತಾಯಿತು: ಸ್ಟೇರಿಂಗಿನ ಟೈ ರಾಡ್ ತಿರುಗಿಸಿ ಟೋ ಸರಿಮಾಡಬಹುದು, ಆದರೆ ಬಹಳಷ್ಟು ಸಣ್ಣ ಕಾರುಗಳಲ್ಲಿ ಕ್ಯಾಂಬರ್ ತಿರುಗಿಸಲು ತಿರುಪೇ ಇಲ್ಲ. ಹಾಗಾಗಿ ಚಕ್ರವನ್ನು ಹಿಡಿದಿಡುವ ಸ್ಟ್ರಟ್ಟೋ, ಲೋವರ್ ಆರ್ಮೋ, ನಕ್ಕಲ್ಲೋ ಬಗ್ಗಿದೆ, ಇಲ್ಲ ಕೆಳಗಿನ ಚೌಕಟ್ಟಾದ ಸಬ್‌ಫ್ರೇಮೇ ಜರುಗಿದೆ. ಅದನ್ನು ಮುಚ್ಚಿಟ್ಟು ಸ್ಟೇರಿಂಗ್ ಒಂದನ್ನು ನೆಟ್ಟಗೆ ಕೂರಿಸಿ ಕಳಿಸಿದರೆ ನಾವೂ ಖುಷಿ, ಅವರೂ ಖುಷಿ. ಟೈರು ಮಾತ್ರ ಒಂದೇ ಮಗ್ಗುಲಲ್ಲಿ ಸವೆದು ಕೆಲವೇ ತಿಂಗಳಲ್ಲಿ ದಾರ ತೋರಿಸುತ್ತದೆ.

ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಗೋಳೇ ಬೇರೆ. ಡಿಕ್ಕಿ ಹೊಡೆದದ್ದೂ ಡಿಕ್ಕಿಗೇ, ಮೊದಲ ಮಳೆಗೆ ನೀರು ನಿಲ್ಲುವುದೂ ಡಿಕ್ಕಿಯಲ್ಲೇ. ಸ್ಟೆಪ್ನಿ ಎತ್ತಿ ನೋಡಿ, ಕೆಳಗೊಂದು ಕಲ್ಯಾಣಿ. ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ ಸರಿಯಾಗಿ ಕೂರಿಸಿರುವುದಿಲ್ಲ, ಅಷ್ಟೇ. ಬಾಗಿಲಿಗಾದರೆ ಬೀಡಿಂಗಿನ ನಡುವೆ ಹತ್ತು ರೂಪಾಯಿ ನೋಟಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದಲೇ ಗಾಳಿ, ಅಲ್ಲಿಂದಲೇ ನೀರು.

ಇದನ್ನೆಲ್ಲ ಕಾರು ತರುವ ಮೊದಲೇ ನೋಡಬಾರದಿತ್ತೇ ಅಂತ ನೀವು ಕೇಳಬಹುದು. ಎಲ್ಲಿ ನೋಡುತ್ತೀರಿ? ಡೆಲಿವರಿ ಕೊಡುವುದೇ ಶನಿವಾರ ಸಂಜೆ ಆರೂವರೆಯ ಮೇಲೆ, ಬೇಸ್‌ಮೆಂಟಿನ ಟ್ಯೂಬ್‌ಲೈಟ್ ಕೆಳಗೆ. ಆ ಬೆಳಕಿನಲ್ಲಿ ಬೆಳ್ಳಿ ಬಣ್ಣದ ಬಂಪರೂ ಬೂದಿ ಬಣ್ಣದ ಫೆಂಡರೂ ಅವಳಿಜವಳಿ. ಬಿಸಿಲಿಗೆ ತಂದಾಗಲೇ ಅವು ಮಲಮಕ್ಕಳೆಂದು ತಿಳಿಯುವುದು. ಮೆಟಾಲಿಕ್ ಬಣ್ಣವನ್ನು ಪಕ್ಕದ ಬಾಗಿಲಿನವರೆಗೂ ತೆಳುವಾಗಿ ಹರಡದೆ ಒಂದೇ ಹಲಗೆಗೆ ಹೊಡೆದು ನಿಲ್ಲಿಸಿದರೆ ಹೀಗೇ. ಹೆಡ್‌ಲೈಟಿನದೂ ಇದೇ ಪಾಡು. ಒಂದು ಕಣ್ಣು ರಸ್ತೆ ನೋಡಿದರೆ ಇನ್ನೊಂದು ತೆಂಗಿನಮರದ ಕಾಯಿ ಎಣಿಸುತ್ತಿರುತ್ತದೆ. ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಲ್ಯಾಂಪಿನ ನಡುಮಧ್ಯಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿರಬೇಕು, ಎರಡೂ ಕಡೆ ಒಂದೇ ಸಮ. ಆದರೆ ಗೋಡೆ ಹುಡುಕುವ ಮೊದಲೇ ಕೈಗೊಂದು ಕಾಗದ ಬಂದಿರುತ್ತದೆ, ‘ಕೆಲಸ ತೃಪ್ತಿಕರವಾಗಿದೆ’ ಅಂತ. ಸೈನ್ ಹಾಕದೆ ಗೇಟ್ ಪಾಸಿಲ್ಲ. ತೃಪ್ತಿ ಮೊದಲು, ಕಾರು ಆಮೇಲೆ.

ಇಷ್ಟೆಲ್ಲ ಬೈದರೂ ಒಂದು ನಷ್ಟಕ್ಕೆ ಯಾರನ್ನೂ ದೂರುವಂತಿಲ್ಲ. ಹಳೇ ಬಾನೆಟ್ಟಿನ ಮೇಲೆ ವರ್ಷವರ್ಷದ ಆಯುಧಪೂಜೆಯ ಅರಿಸಿನ ಕುಂಕುಮ ಕೂತು, ಎಷ್ಟು ತೊಳೆದರೂ ಹೋಗದ ಒಂದು ಮಂಕು ಕಲೆ ಇರುತ್ತಿತ್ತು. ಕಾರು ತೊಳೆಯುವಾಗಲೆಲ್ಲ ಅದನ್ನು ಉಜ್ಜಿ ಉಜ್ಜಿ ಬೇಸರವಾಗುತ್ತಿತ್ತು. ಹೊಸ ಬಾನೆಟ್ಟಿನಲ್ಲಿ ಅದಿಲ್ಲ. ಬಟ್ಟೆ ಹಿಡಿದ ಕೈ ಈಗಲೂ ಅಲ್ಲಿಗೆ ಹೋಗಿ ಒಂದು ಗಳಿಗೆ ನಿಲ್ಲುತ್ತದೆ.

ಅಂದಹಾಗೆ, ರಿಪೇರಿಯಾಗಿ ಬಂದ ಕಾರಿನ ಗ್ಲೋವ್ ಬಾಕ್ಸನ್ನು ಒಮ್ಮೆ ತೆಗೆದು ನೋಡಿ. ಆರ್‌ಸಿ ಪುಸ್ತಕದ ಹಿಂದೆ ಗಂಟು ಹಾಕಿದ ಸಣ್ಣ ಪ್ಲಾಸ್ಟಿಕ್ ಕವರ್ ಸಿಗುತ್ತದೆ. ಒಳಗೆ ಮೂರು ಕ್ಲಿಪ್ಪು, ಒಂದು ವಾಷರು, ಹತ್ತನೇ ನಂಬರ್ ಸ್ಪ್ಯಾನರಿನ ಒಂದು ಬೋಲ್ಟು. ಇದೇನಪ್ಪಾ ಎಂದು ಫೋಟೋ ಕಳಿಸಿದರೆ ಎರಡೇ ನಿಮಿಷದಲ್ಲಿ ಉತ್ತರ ಬರುತ್ತದೆ: ‘ಎಕ್ಸ್‌ಟ್ರಾ ಸಾರ್. ಇಟ್ಕೊಳ್ಳಿ, ಬೇಕಾಗತ್ತೆ.’